ನಡುವಯಸ್ಸಿನ ಮರುಕಲಿಕೆ ಮತ್ತು ವೃತ್ತಿ ಬದಲಾವಣೆ: ಒಂದು ಸಮೀಕ್ಷೆ

ದುಡಿಮೆಯಲ್ಲಿ ನೆಲೆಗೊಂಡ ವ್ಯಕ್ತಿ ನಲವತ್ತರ ಆಸುಪಾಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ, ಆ ಓದಿನ ಬಲದಿಂದ ಬೇರೊಂದು ವೃತ್ತಿಗೆ ಹೊರಳುವುದನ್ನು ಶಿಕ್ಷಣಶಾಸ್ತ್ರ ಒಂದು ಪ್ರತ್ಯೇಕ ವಿಷಯವಾಗಿ ಗಮನಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿಯೇ. ಅದಕ್ಕೆ ಮೊದಲು ಇಂಥ ಓದಿನ ಸಾಧ್ಯತೆಯ ಬಗೆಗೇ ಸಂಶಯವಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರ ತನ್ನ ಗ್ರಂಥದಲ್ಲಿ, ತಮ್ಮ ಕಸುಬಿಗೆ ಸಂಬಂಧಿಸಿದ್ದನ್ನು ಬಿಟ್ಟರೆ ಜನ ಇಪ್ಪತ್ತೈದರ ನಂತರ ಹೊಸ ವಿಚಾರಗಳನ್ನು ಗಳಿಸುವುದು ವಿರಳವೆಂಬ ಅಭಿಪ್ರಾಯ ತಾಳಿದ್ದ. ಎಡ್ವರ್ಡ್ ಥಾರ್ನ್‌ಡೈಕ್ ವಯಸ್ಕರಿಗೆ ಎಸ್ಪೆರಾಂಟೊದಂಥ ಅಪರಿಚಿತ ಭಾಷೆಯನ್ನು ಕಲಿಸಿ ನೋಡಿ, ಕಲಿಯುವ ಶಕ್ತಿ ಇಪ್ಪತ್ತರ ದಶಕದಲ್ಲಿ ತುದಿ ಮುಟ್ಟಿದರೂ ಆಮೇಲಿನ ಇಳಿತ ವರ್ಷಕ್ಕೆ ಸುಮಾರು ಶೇಕಡ 1ರಷ್ಟು ಮಾತ್ರವೆಂದು 1928ರಲ್ಲಿ ಪ್ರಕಟಿಸಿದ ಮೇಲೆ ಆ ನಂಬಿಕೆ ಸಡಿಲಗೊಂಡಿತು. ವೇಗವಾಗಿ ಹೊಸತನ್ನು ಬಿಡಿಸುವ ಸಾಮರ್ಥ್ಯ ಮತ್ತು ಅನುಭವದಿಂದ ಹೆಪ್ಪುಗಟ್ಟಿದ ತಿಳಿವಳಿಕೆ ಎಂಬೆರಡನ್ನು ರೇಮಂಡ್ ಕ್ಯಾಟೆಲ್ ಬೇರ್ಪಡಿಸಿ, ಎರಡನೆಯದು ನಡುವಯಸ್ಸಿನಲ್ಲಿಯೂ ಬೆಳೆಯುತ್ತದೆಂದು ವಾದಿಸಿದ ನಂತರವಂತೂ ಪ್ರಶ್ನೆಯ ದಿಕ್ಕೇ ಬದಲಾಯಿತು.

ಬದಲಾದ ಪ್ರಶ್ನೆಗೆ ಗಟ್ಟಿಯಾದ ರೂಪ ಸಿಕ್ಕಿದ್ದು 1970ರ ದಶಕದಲ್ಲಿ. ಮನೆವಾರ್ತೆಯಲ್ಲಿ ವರ್ಷಗಳನ್ನು ಕಳೆದು ಸಮುದಾಯ ಕಾಲೇಜುಗಳಿಗೆ ಮರಳಿದ ಅಮೆರಿಕನ್ ಮಹಿಳೆಯರನ್ನು ಅಧ್ಯಯನ ಮಾಡಿದ ಜಾಕ್ ಮೆಜಿರೊ, ಅವರು ಪಡೆದದ್ದು ಕೇವಲ ವಿಷಯಜ್ಞಾನವಲ್ಲ, ತಮ್ಮ ಬಗ್ಗೆ ತಾವೇ ಇಟ್ಟುಕೊಂಡಿದ್ದ ಕಲ್ಪನೆಗಳನ್ನು ಅವರು ಮರುಪರಿಶೀಲಿಸಿದರು ಎಂದು ತೋರಿಸಿ, ಈ ಪ್ರಕ್ರಿಯೆಯನ್ನು 1978ರಲ್ಲಿ ದೃಷ್ಟಿಕೋನದ ರೂಪಾಂತರವೆಂದು ಕರೆದ. ಪೆಟ್ರಿಶಿಯಾ ಕ್ರಾಸ್ 1981ರಲ್ಲಿ ವಯಸ್ಕ ಕಲಿಕೆಯ ಅಡ್ಡಿಗಳನ್ನು ಮೂರಾಗಿ ವಿಂಗಡಿಸಿದಳು: ಹಣ, ಸಮಯ, ಸಂಸಾರಗಳಿಂದ ಬರುವ ಸಾಂದರ್ಭಿಕ ಅಡ್ಡಿ, ವೇಳಾಪಟ್ಟಿ, ಪ್ರವೇಶ ನಿಯಮಗಳಿಂದ ಬರುವ ಸಾಂಸ್ಥಿಕ ಅಡ್ಡಿ, ಈ ವಯಸ್ಸಿನಲ್ಲಿ ಓದು ತನ್ನಿಂದಾಗದು ಎಂಬ ಮನೋಭಾವದ ಅಡ್ಡಿ. ಜನಪ್ರಿಯ ಬರವಣಿಗೆ ಮೂರನೆಯದನ್ನೇ ಮತ್ತೆ ಮತ್ತೆ ಎತ್ತಿ ಹೇಳುತ್ತದೆಯಾದರೂ ಭಾರತದ ಮಟ್ಟಿಗೆ ನಿರ್ಣಾಯಕವಾಗಿರುವುದು ಎರಡನೆಯದೇ.

ಸಾಂಸ್ಥಿಕ ಅಡ್ಡಿಯನ್ನು ನೇರವಾಗಿ ಎದುರಿಸಿದ ಪ್ರಯೋಗಗಳಲ್ಲಿ ಹೆಚ್ಚು ಪ್ರಭಾವ ಬೀರಿದ್ದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ. 1969ರಲ್ಲಿ ಸ್ಥಾಪಿತವಾಗಿ 1971ರಲ್ಲಿ ಪಾಠ ಆರಂಭಿಸಿದ ಈ ಸಂಸ್ಥೆ ಹಿಂದಿನ ಅಂಕಪಟ್ಟಿ ಕೇಳದೆ ಪ್ರವೇಶ ನೀಡಿತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿಯೇ ಅಂಚೆ ಶಿಕ್ಷಣ ಆರಂಭಿಸಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1969ರಲ್ಲಿ ಹುಟ್ಟಿತು. ಗುಮಾಸ್ತರು, ಪ್ರಾಥಮಿಕ ಶಾಲೆಯ ಮೇಷ್ಟರುಗಳು, ಮದುವೆಯಿಂದ ಓದು ನಿಂತ ಹೆಣ್ಣುಮಕ್ಕಳು ಅಂಚೆಯಲ್ಲಿ ಬಂದ ಪಾಠಗಳನ್ನು ಓದಿ, ರಜೆಯಲ್ಲಿ ಸಂಪರ್ಕ ತರಗತಿಗಳಿಗೆ ಹಾಜರಾಗಿ ಪದವಿ ಪಡೆಯುವ ದಾರಿ ಇದರಿಂದ ತೆರೆಯಿತು. 1982ರಲ್ಲಿ ಹೈದರಾಬಾದಿನಲ್ಲಿ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯವೂ 1985ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ (ಇಗ್ನೋ) ಬಂದವು. ಮೈಸೂರಿನ ಅಂಚೆ ಶಿಕ್ಷಣವು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಸ್ವತಂತ್ರಗೊಂಡಿತು. ವ್ಯಾಪ್ತಿ ಮೀರಿದ ಸಹಯೋಗಗಳ ಕಾರಣ 2013-14ರಿಂದ ಮಾನ್ಯತೆ ಕಳೆದುಕೊಂಡು 2018-19ರಿಂದ ಮತ್ತೆ ಪಡೆದ ಈ ವಿಶ್ವವಿದ್ಯಾನಿಲಯದ ಚರಿತ್ರೆ, ದೂರಶಿಕ್ಷಣದ ಪದವಿಯ ಬೆಲೆ ಕಲಿತವರ ಶ್ರಮದಷ್ಟೇ ನಿಯಂತ್ರಕ ಸಂಸ್ಥೆಯ ಒಂದು ಆದೇಶದ ಮೇಲೂ ನಿಂತಿರುತ್ತದೆಂಬುದಕ್ಕೆ ಸಾಕ್ಷಿ.

ಈ ವ್ಯವಸ್ಥೆ ಅರ್ಧಕ್ಕೆ ನಿಂತ ಓದನ್ನು ಮುಗಿಸಲು, ಇದ್ದ ಕೆಲಸದಲ್ಲಿ ಬಡ್ತಿ ಪಡೆಯಲು ನೆರವಾದಷ್ಟು ವೃತ್ತಿಯನ್ನೇ ಬದಲಿಸಲು ನೆರವಾಗಲಿಲ್ಲ. ಪರವಾನಗಿ ಬೇಡುವ ವೃತ್ತಿಗಳ ಶಿಕ್ಷಣ ಮುಕ್ತ ವಿಶ್ವವಿದ್ಯಾಲಯಗಳ ಹೊರಗೇ ಉಳಿದದ್ದು ಇದಕ್ಕೆ ಮುಖ್ಯ ಕಾರಣ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಾವಳಿ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ವಾಸ್ತುಶಿಲ್ಪ, ಕಾನೂನು ಮುಂತಾದ ವಿಷಯಗಳನ್ನು ದೂರಶಿಕ್ಷಣದಲ್ಲಿ ಬೋಧಿಸುವುದನ್ನು ನಿಷೇಧಿಸುತ್ತದೆ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ದೂರಶಿಕ್ಷಣದ ಬಿ.ಎಡ್. ಅನ್ನು ಸೇವೆಯಲ್ಲಿರುವ ತರಬೇತಾದ ಶಿಕ್ಷಕರಿಗೆ ಅಥವಾ ತರಗತಿಗೆ ಹೋಗಿ ಶಿಕ್ಷಕ ತರಬೇತಿ ಮುಗಿಸಿದವರಿಗೆ ಸೀಮಿತಗೊಳಿಸಿದ್ದರಿಂದ, ಬ್ಯಾಂಕು ಬಿಟ್ಟು ಮೇಷ್ಟರಾಗಬಯಸುವವರು ಕೆಲಸಕ್ಕೆ ರಾಜೀನಾಮೆಯಿತ್ತೇ ಕಾಲೇಜಿಗೆ ಹೋಗಬೇಕಾಗುತ್ತದೆ. ರೋಗಿಯ ಮೈಮುಟ್ಟದೆ ನರ್ಸಿಂಗ್ ಕಲಿಯಲಾಗದೆಂಬುದು ನಿಜ. ಆದರೆ ಸಂಜೆಯ ತರಗತಿಯನ್ನೂ ನಿರಾಕರಿಸುವುದಕ್ಕೆ ಆ ಕಾರಣ ಅನ್ವಯಿಸದು.

ಕಾನೂನು ಶಿಕ್ಷಣದ ಉದಾಹರಣೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಚೇರಿ ಬಿಟ್ಟ ಮೇಲೆ ಸಂಜೆಯ ಲಾ ಕಾಲೇಜಿಗೆ ಹೋಗಿ ವಕೀಲರಾಗುವುದು ನಗರಗಳ ನೌಕರವರ್ಗಕ್ಕೆ ಬಹುಕಾಲ ಇದ್ದ ದಾರಿ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ತರಗತಿಗಳು ಬೆಳಗಿನ 8ರಿಂದ ಸಂಜೆ 7ರ ಒಳಗೆ ನಡೆಯಬೇಕೆಂದು ವಿಧಿಸಿ ಆ ದಾರಿಯನ್ನು ಕಿರಿದಾಗಿಸಿದವು. ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗದವರಿಗೆ 30 ವರ್ಷದ ಮಿತಿಯನ್ನೂ ಅವೇ ತಂದವು. ಈ ಮಿತಿಯನ್ನು ಹಿಂತೆಗೆದುಕೊಂಡು 2016ರಲ್ಲಿ ಮತ್ತೆ ಜಾರಿಗೊಳಿಸಿದಾಗ, 2017ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿತು. ಸಂಬಳದ ಪೂರ್ಣಾವಧಿ ನೌಕರ ವಕೀಲಿ ನಡೆಸುವಂತಿಲ್ಲವೆಂಬ ನಿಯಮವೂ ಇರುವುದರಿಂದ ಹಳೆಯ ಕೆಲಸದಲ್ಲಿದ್ದುಕೊಂಡೇ ಹೊಸದನ್ನು ಪರೀಕ್ಷಿಸಿ ನೋಡುವ ಅವಕಾಶವಿಲ್ಲ. ವೈದ್ಯಕೀಯದಲ್ಲಿ ನೀಟ್ ಪರೀಕ್ಷೆಯ ಗರಿಷ್ಠ ವಯೋಮಿತಿ 2022ರಲ್ಲಿ ತೆಗೆದುಹೋಯಿತು. ಆದರೂ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ಪುಗಳ ಖರ್ಚು ಹೊರಲು ಸಂಸಾರಸ್ಥರಿಗೆ ನೆರವಾಗುವ ಏರ್ಪಾಡು ಅದರ ಜೊತೆಗೆ ಬರಲಿಲ್ಲ. ಕ್ರಾಸ್ ಹೇಳಿದ ಸಾಂಸ್ಥಿಕ ಅಡ್ಡಿ ತೊಲಗಿದಲ್ಲಿ ಸಾಂದರ್ಭಿಕ ಅಡ್ಡಿ ಹಾಗೆಯೇ ಉಳಿದಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರದ ಚರ್ಚೆ ಕ್ರೆಡಿಟ್‌ಗಳ ಸುತ್ತ, ಅಂದರೆ ಕಲಿಕೆಯ ಗಂಟೆಗಳನ್ನು ಎಣಿಸಿ ಕೂಡಿಡುವ ಮಾನದ ಸುತ್ತ ಸಾಗಿದೆ. 2021ರ ಕ್ರೆಡಿಟ್ ಬ್ಯಾಂಕ್ ವ್ಯವಸ್ಥೆ ಓದನ್ನು ನಡುವೆ ಬಿಟ್ಟು ಮತ್ತೆ ಸೇರಲು ಅನುವು ಮಾಡಿದರೆ, 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ದುಡಿಮೆಯ ಅನುಭವಕ್ಕೂ ಕ್ರೆಡಿಟ್ ಸಲ್ಲಬಹುದೆಂಬ ತತ್ತ್ವವನ್ನು ಒಪ್ಪಿಕೊಂಡಿದೆ. ಹದಿನೈದು ವರ್ಷ ಔಷಧದಂಗಡಿಯಲ್ಲಿ ದುಡಿದವರ ಅನುಭವವನ್ನು ಫಾರ್ಮಸಿ ಪರಿಷತ್ತು ಎಷ್ಟರಮಟ್ಟಿಗೆ ಪರಿಗಣಿಸಬೇಕು, ಕೋರ್ಟಿನ ಶಿರಸ್ತೇದಾರರ ತಿಳಿವಳಿಕೆಯನ್ನು ವಕೀಲರ ಪರಿಷತ್ತು ಹೇಗೆ ಅಳೆಯಬೇಕು ಎಂಬ ಪ್ರಶ್ನೆಗಳು ಈ ಕ್ಷೇತ್ರದ ಮುಂದಿನ ಚರ್ಚೆಯನ್ನು ಶಿಕ್ಷಣ ಸಂಸ್ಥೆಗಳಿಂದ ವೃತ್ತಿಪರಿಷತ್ತುಗಳ ಕಡೆಗೆ ಒಯ್ಯುತ್ತವೆ.