ಚಾಲಕನಿಲ್ಲದ ವಾಹನವೂ ಸಂಸ್ಥಾನಗಳ ಶಾಸನವೂ

ರಸ್ತೆಯ ಮೇಲೆ ಸಂಚರಿಸುವ ವಾಹನಕ್ಕೆ ಚಾಲಕನೊಬ್ಬನಿರುವನೆಂಬುದು ಮೋಟಾರು ಶಾಸನಗಳೆಲ್ಲದರ ಮೂಲಗ್ರಹಿಕೆ. 1949ರ ಜಿನೀವಾ ಒಡಂಬಡಿಕೆಯು ಪ್ರತಿಯೊಂದು ವಾಹನಕ್ಕೂ ಚಾಲಕನಿರತಕ್ಕದ್ದೆಂದು ವಿಧಿಸಿತು. 1968ರ ವಿಯೆನ್ನಾ ಒಡಂಬಡಿಕೆಯೂ ಅದನ್ನೇ ಅನುಸರಿಸಿತು. ಪರವಾನಗಿ, ದಂಡ, ಅಪಘಾತದ ಹೊಣೆ ಇವೆಲ್ಲವೂ ಈ ಒಬ್ಬ ವ್ಯಕ್ತಿಯನ್ನು ಆಶ್ರಯಿಸಿಯೇ ಬೆಳೆದುವು. ಆ ವ್ಯಕ್ತಿಯೇ ತನ್ನ ಪೀಠದಿಂದ ಮರೆಯಾಗತೊಡಗಿದಾಗ ಹೊಣೆಯು ಯಾರ ಮೇಲೆ ನಿಂತಿತು? ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವದಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ದೇಶದಲ್ಲಿ ಅಧಿಕಾರವು ಎರಡಾಗಿ ಹಂಚಿಹೋಗಿರುವುದನ್ನು ಮೊದಲು ಗಮನಿಸಬೇಕು. 1966ರ ಕಾಯಿದೆಯ ಮೇರೆಗೆ ವಾಹನದ ರಚನೆಯ ಸುರಕ್ಷತೆಯು ಕೇಂದ್ರ ಸರ್ಕಾರಕ್ಕೆ ಸೇರಿತು. ಚಾಲಕನ ಪರವಾನಗಿ ಮತ್ತು ನಡತೆ ಸಂಸ್ಥಾನಗಳಿಗೆ ಉಳಿದುವು. ಚಾಲಕನೂ ವಾಹನವೂ ಬೇರೆ ಬೇರೆಯಾಗಿರುವವರೆಗೆ ಈ ಗೆರೆಯು ಸ್ಪಷ್ಟವಾಗಿತ್ತು. ವಾಹನವೇ ತನ್ನನ್ನು ನಡೆಸಿಕೊಳ್ಳುವುದಾದರೆ ಗೆರೆಯನ್ನು ಎಲ್ಲಿ ಎಳೆಯುವುದು?

ಮೊದಲು ಹೆಜ್ಜೆಯಿಟ್ಟುದು ನೆವಾಡಾ. ಅಲ್ಲಿಯ ಶಾಸನಸಭೆಯು 2011ರಲ್ಲಿ ಸ್ವಯಂಚಾಲಿತ ವಾಹನಗಳಿಗೆ ನಿಯಮಗಳನ್ನು ರಚಿಸುವಂತೆ ಮೋಟಾರು ಇಲಾಖೆಗೆ ಆದೇಶವಿತ್ತಿತು. 2012ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆಯ ಕಾರಿಗೆ ಪರೀಕ್ಷಾ ಪರವಾನಗಿ ದೊರೆಯಿತು. ಅನಂತದ ಚಿಹ್ನೆಯುಳ್ಳ ಕೆಂಪು ಫಲಕವು ಅದರ ಗುರುತು; ಪರೀಕ್ಷೆಯ ಕಾಲದಲ್ಲಿ ಇಬ್ಬರು ಮನುಷ್ಯರು ಒಳಗಿರಬೇಕೆಂಬುದು ಷರತ್ತು.

ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನವು ಹೊಸದೊಂದು ವ್ಯಾಖ್ಯೆಯನ್ನು ತಂದಿತು. ಚಾಲಕನ ಪೀಠದಲ್ಲಿ ಕುಳಿತವನೇ ವಾಹನದ ನಿರ್ವಾಹಕ. ಅಲ್ಲಿ ಯಾರೂ ಇಲ್ಲವಾದರೆ ಯಂತ್ರವನ್ನು ಚಾಲನೆಗೆ ತಂದವನೇ ನಿರ್ವಾಹಕ. ಹೀಗೆ ಪೀಠವು ಬರಿದಾದರೂ ಹೊಣೆಯನ್ನು ಒಬ್ಬ ವ್ಯಕ್ತಿಯಲ್ಲಿಯೇ ನಿಲ್ಲಿಸುವ ಯತ್ನ ನಡೆಯಿತು. 2014ರ ನಿಯಮಗಳು ತರಬೇತಾದ ಚಾಲಕನನ್ನೂ, 50 ಲಕ್ಷ ಡಾಲರುಗಳ ವಿಮೆ ಅಥವಾ ಭದ್ರತೆಯನ್ನೂ, ಅಪಘಾತವಾದ 10 ದಿನಗಳೊಳಗೆ ವರದಿಯನ್ನೂ ಕೇಳಿದುವು. ಇತ್ತ 2016ರಲ್ಲಿ ಕೇಂದ್ರದ ಹೆದ್ದಾರಿ ಸುರಕ್ಷತಾ ಸಂಸ್ಥೆಯು ಗೂಗಲ್ಲಿಗೆ ಬರೆದ ಪತ್ರದಲ್ಲಿ, ಅದರ ಉದ್ದೇಶಿತ ವಾಹನಗಳ ಮಟ್ಟಿಗೆ ಯಂತ್ರವ್ಯವಸ್ಥೆಯನ್ನೇ 'ಚಾಲಕ'ನೆಂದು ಭಾವಿಸಬಹುದೆಂದಿತು. ಒಂದೇ ಪದಕ್ಕೆ ಎರಡು ಅಧಿಕಾರಗಳು ಎರಡು ಅರ್ಥಗಳನ್ನು ಕೊಟ್ಟಂತಾಯಿತು.

ಇಂತಹ ವ್ಯಾಖ್ಯೆಗಳು ಕೇವಲ ಪಾಂಡಿತ್ಯದ ವಿಷಯವಾಗಿರಲಿಲ್ಲ. 2016ರ ಡಿಸೆಂಬರಿನಲ್ಲಿ ಉಬರ್ ಸಂಸ್ಥೆಯು, ತನ್ನ ಕಾರುಗಳಲ್ಲಿ ಮನುಷ್ಯನ ನಿಗಾ ಇರುವುದರಿಂದ ಅವು ಸ್ವಯಂಚಾಲಿತವೇ ಅಲ್ಲವೆಂದು ವಾದಿಸಿ, ಪರವಾನಗಿಯಿಲ್ಲದೆ ಅವುಗಳನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಓಡಿಸಿತು. ಇಲಾಖೆಯು 16 ಕಾರುಗಳ ನೋಂದಣಿಯನ್ನು ರದ್ದುಗೊಳಿಸಲು, ಸಂಸ್ಥೆಯು ಅರಿಜೋನಾಕ್ಕೆ ತೆರಳಿತು. ಅಲ್ಲಿ 2015ರ ರಾಜ್ಯಪಾಲರ ಆಜ್ಞೆಯೊಂದರ ಆಧಾರದ ಮೇಲೆ ಬಹು ಸಡಿಲವಾದ ಕ್ರಮವಿತ್ತು. 2018ರ ಮಾರ್ಚ್ 18ರ ರಾತ್ರಿ ಟೆಂಪಿ ನಗರದಲ್ಲಿ, ಬೈಸಿಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಉಬರಿನ ಪರೀಕ್ಷಾ ಕಾರಿಗೆ ಸಿಕ್ಕಿ ಮೃತರಾದರು. ಢಿಕ್ಕಿಗೆ 5.6 ಸೆಕೆಂಡುಗಳ ಮುನ್ನವೇ ಯಂತ್ರವು ಅವರನ್ನು ಕಂಡಿದ್ದಿತು, ಆದರೆ ಪಾದಚಾರಿಯೆಂದು ಗುರುತಿಸಲಿಲ್ಲ. ಕಾರಿನಲ್ಲಿದ್ದ ನಿರ್ವಾಹಕಿಯ ದೃಷ್ಟಿ ಫೋನಿನ ಮೇಲಿತ್ತು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು 2019ರಲ್ಲಿ ನಿರ್ವಾಹಕಿಯ ಅಲಕ್ಷ್ಯದ ಜೊತೆಗೆ ಸಂಸ್ಥೆಯ ದುರ್ಬಲ ಸುರಕ್ಷತಾ ಕ್ರಮವನ್ನೂ, ಸಂಸ್ಥಾನದ ಸಾಲದ ಮೇಲ್ವಿಚಾರಣೆಯನ್ನೂ ಎತ್ತಿ ತೋರಿಸಿತು. ಆದರೆ ಸಂಸ್ಥೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. 2023ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದವಳು ಪೀಠದಲ್ಲಿದ್ದ ನಿರ್ವಾಹಕಿಯೊಬ್ಬಳೇ. ಮನುಷ್ಯನು ಪೀಠದಲ್ಲಿರುವವರೆಗೆ ದಂಡಶಾಸನವು ಅವನನ್ನೇ ಹುಡುಕುತ್ತದೆಂಬುದಕ್ಕೆ ಇದು ನಿದರ್ಶನ.

ಪೀಠವು ನಿಜವಾಗಿ ಬರಿದಾದ ಮೇಲೆ ಪ್ರಶ್ನೆಯು ಇನ್ನೂ ತೀಕ್ಷ್ಣವಾಯಿತು. ಕ್ಯಾಲಿಫೋರ್ನಿಯವು 2018ರ ಏಪ್ರಿಲಿನಿಂದ ಚಾಲಕನಿಲ್ಲದ ಪರೀಕ್ಷೆಗೆ ಅವಕಾಶವಿತ್ತು, ದೂರದಿಂದ ಸಂಪರ್ಕವನ್ನೂ ಪೋಲೀಸರೊಡನೆ ವ್ಯವಹರಿಸುವ ಯೋಜನೆಯನ್ನೂ ಕಡ್ಡಾಯ ಮಾಡಿತು. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರಿನ ಹೊಡೆತಕ್ಕೆ ಸಿಕ್ಕಿ ಬಿದ್ದ ಮಹಿಳೆಯನ್ನು ಕ್ರೂಸ್ ಸಂಸ್ಥೆಯ ವಾಹನವು ಸುಮಾರು 20 ಅಡಿ ಎಳೆದೊಯ್ದಿತು. ಇಲ್ಲಿ ವಿಚಾರಣೆಗೆ ಕರೆಯಲು ಚಾಲಕನೇ ಇಲ್ಲ. ಸಂಸ್ಥೆಯು ಮಾಹಿತಿಯನ್ನು ತಪ್ಪಾಗಿ ನಿರೂಪಿಸಿತೆಂಬುದನ್ನೂ ಕಾರಣವಾಗಿ ಹೇಳಿ ಇಲಾಖೆಯು ಅಕ್ಟೋಬರ್ 24ರಂದು ಅದರ ಅನುಮತಿಯನ್ನು ತಡೆಹಿಡಿಯಿತು. ಇಂತಹ ವಾಹನವು ಸಂಚಾರ ನಿಯಮವನ್ನು ಮುರಿದರೆ ನೋಟೀಸನ್ನು ತಯಾರಕನಿಗೇ ಕೊಡಬಹುದೆಂಬ ಶಾಸನವು 2024ರಲ್ಲಿ ಅಂಗೀಕೃತವಾಯಿತು. ಅದರ ಜಾರಿಗೆ ಗೊತ್ತಾದ ದಿನ 2026ರ ಜುಲೈ 1.

ಹೀಗೆ ಹದಿಮೂರು ವರ್ಷಗಳಲ್ಲಿ ಶಾಸನದ ದೃಷ್ಟಿಯು ಪೀಠದಲ್ಲಿ ಕುಳಿತವನಿಂದ ಯಂತ್ರವನ್ನು ಚಾಲನೆಗೆ ತಂದವನ ಕಡೆಗೂ, ಅಲ್ಲಿಂದ ತಯಾರಕನ ಕಡೆಗೂ ಸರಿದುದನ್ನು ಕಾಣುತ್ತೇವೆ. ಈ ಮಾರ್ಗವನ್ನು ತೋರಿಸಿದುದು ಮುಂದಾಲೋಚನೆ ಮಾತ್ರವಲ್ಲ. ಬೀದಿಯಲ್ಲಿ ಪೆಟ್ಟುಂಡವರ ಅನುಭವವೂ ಹೌದು. ಅವರಾರೂ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟವರಲ್ಲ. ಇಂತಹ ನಿಯಮಗಳನ್ನು ಮುಂದೆ ರಚಿಸಹೊರಡುವ ಯಾವ ದೇಶವೇ ಆಗಲಿ, ಹೊಣೆ ಯಾರದೆಂಬುದನ್ನು ಮೊದಲು ನಿಶ್ಚಯಿಸಿ ಅನಂತರ ಪರವಾನಗಿ ಕೊಡುವುದು ನ್ಯಾಯವೆಂದು ಈ ಚರಿತ್ರೆಯಿಂದ ತಿಳಿದುಬರುತ್ತದೆ.