ಏಳು ಬೀಜ, ಒಂದು ವೇಳಾಪಟ್ಟಿ

ಶಾಲೆಯ ವೇಳಾಪಟ್ಟಿ ಎಂದರೆ ಗೋಡೆಗೆ ಅಂಟಿಸಿದ ಒಂದು ಹಾಳೆ ಎಂದು ಹೊರಗಿನವರು ತಿಳಿಯುತ್ತಾರೆ. ಜೂನ್ ತಿಂಗಳಲ್ಲಿ ಅದನ್ನು ಹೆಣೆಯಲು ಕೂರುವ ನಮ್ಮಂಥ ಟೀಚರುಗಳಿಗೇ ಅದರ ಸಂಕಟ ಗೊತ್ತು. ಕಳಸದ ಕಡೆಯ ಬಸ್ಸು ಮಳೆಗೆ ತಡವಾಗುವುದರಿಂದ ಮೊದಲ ಪೀರಿಯಡ್ಡಿಗೆ ಗಣಿತ ಇಡುವಂತಿಲ್ಲ. ವಿಜ್ಞಾನದ ಮೇಷ್ಟ್ರು ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿ ಇರುವಂತಿಲ್ಲ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ.

ಈ ತಲೆನೋವು ಮಲೆನಾಡಿಗಷ್ಟೇ ಸೇರಿದ್ದಲ್ಲ. 2002ರಲ್ಲಿ ರುಮೇನಿಯಾ ದೇಶದ ಲಿವಿಯು ಲಾಲೆಸ್ಕು ಎಂಬವರು ಶಾಲೆಗಳ ವೇಳಾಪಟ್ಟಿಗೆಂದೇ 'ಎಫ್‌ಇಟಿ' ಎಂಬ ತಂತ್ರಾಂಶ ಬರೆಯತೊಡಗಿದರು. ಮೊದಲು ಅದು ಜೀವವಿಕಾಸದ ದಾರಿ ಹಿಡಿದಿತ್ತು: ಹಲವು ಪಟ್ಟಿ ಮಾಡಿ, ಒಳ್ಳೆಯದನ್ನು ಉಳಿಸಿ, ಬೆರೆಸಿ, ಮತ್ತೆ ಹುಡುಕುವುದು. 2007ರಲ್ಲಿ ಆ ದಾರಿ ಬಿಟ್ಟು, ಕಷ್ಟದ ಪಾಠಗಳನ್ನು ಮೊದಲು ಕೂರಿಸಿ, ಜಾಗ ಸಾಲದಿದ್ದರೆ ಕೂತವನ್ನು ಎಬ್ಬಿಸಿ ಬೇರೆಡೆ ಕೂರಿಸುವ ಕ್ರಮ ತಂದರು. ಮದುವೆ ಮನೆಯ ಪಂಕ್ತಿಯಲ್ಲಿ ನಾವು ಹೆಂಗಸರು ಮಾಡುವುದೂ ಇದನ್ನೇ ಅಲ್ಲವೇ?

ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ದೊಡ್ಡ ಮಾತು ಅದಲ್ಲ. ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದಾಗ ಕೇಳಿದ್ದು ಈ ಹಕ್ಕನ್ನೇ. ಇಂಗ್ಲಿಷಿನ 'ಫ್ರೀ' ಎಂಬ ಒಂದೇ ಮಾತಿಗೆ ಎರಡು ಅರ್ಥ. ನಮಗೆ ಆ ತೊಡಕಿಲ್ಲ: ಬಿಟ್ಟಿ ಬೇರೆ, ಸ್ವತಂತ್ರ ಬೇರೆ.

ನಮ್ಮ ಗುಡ್ಡದವರಿಗೆ ಇದನ್ನು ವಿವರಿಸುವುದು ಸುಲಭ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟು ತಂದರೆಂಬ ಪ್ರತೀತಿಯಿದೆ. ಅರಬರು ಮೊಳೆಯದ ಬೀಜವನ್ನಷ್ಟೇ ಹೊರಗೆ ಬಿಡುತ್ತಿದ್ದರಂತೆ. ಹುರಿದ ಬೀಜ ಒಂದು ಲೋಟ ಕಾಫಿಗೆ ಮುಗಿಯಿತು; ಹಸಿ ಬೀಜ ತೋಟವಾಯಿತು. ಕೊಂಡು ತಂದ ತಂತ್ರಾಂಶದ ಕಂಪನಿ ಬಾಗಿಲು ಹಾಕಿದರೆ ಅದನ್ನು ತಿದ್ದಲು ನಮಗೆ ದಾರಿಯಿಲ್ಲ. ಅದು ಹುರಿದ ಬೀಜ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ತಂತ್ರಾಂಶ ಹೊರಬಂದುದರ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಕಂಪ್ಯೂಟರು ಕನ್ನಡ ಕಲಿಯದಿದ್ದರೆ ಮುಂದಿನ ಮಕ್ಕಳು ಕನ್ನಡವನ್ನೇ ಬಿಟ್ಟಾರು ಎಂಬ ಭಯ ನಮ್ಮ ಸ್ಟಾಫ್ ರೂಮಿನಲ್ಲೂ ಇದೆ.

ಬೇರೆಯವರು ಕೊಟ್ಟ ಬೀಜ ಹಸಿಯಾಗಿದ್ದರೆ ಸಾಲದು. ನೆಟ್ಟು ನೀರೆರೆಯುವವರೂ ಬೇಕು. ನಮ್ಮ ಶಾಲೆಗಳಲ್ಲಿ ಓದಿ ಬೆಂಗಳೂರು ಸೇರಿದ ಹೆಣ್ಣುಮಕ್ಕಳೇ ಅದನ್ನು ಮಾಡಬಲ್ಲರು. ವೇಳಾಪಟ್ಟಿಯಲ್ಲಿ ಅದಕ್ಕೊಂದು ಪೀರಿಯಡ್ಡು ಇಡುವುದು ನಮ್ಮ ಕೆಲಸ.