1819 ಅಡಿಯ ಗೆರೆ

ಶಾಲೆಯಲ್ಲಿ 'ಪ್ರಕೃತಿ ಚಿತ್ರ ಬಿಡಿಸಿ' ಅಂದ್ರೆ ನಾವೆಲ್ಲ ಏನು ಬಿಡಿಸ್ತಿದ್ವಿ ಅಂತ ನೆನಪು ಮಾಡ್ಕೊಳ್ಳಿ. ತ್ರಿಕೋನದ ಎರಡು ಗುಡ್ಡ, ಅವುಗಳ ನಡುವೆ ಹುಟ್ಟೋ ಸೂರ್ಯ, ಗುಡ್ಡದಿಂದ ಇಳಿದು ಬರೋ ಹೊಳೆ, ದಡದಲ್ಲಿ ಒಂದು ಗುಡಿಸಲು, ಒಂದು ತೆಂಗಿನಮರ. ಬಿಜಾಪುರದ ಹುಡುಗನೂ ಅದನ್ನೇ ಬಿಡಿಸ್ತಾನೆ, ಸಾಗರದ ಹುಡುಗಿಯೂ ಅದನ್ನೇ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಘಟ್ಟದ ಸಾಲು ಇರೋದು ಪಶ್ಚಿಮಕ್ಕೆ. ಆ ಗುಡ್ಡಗಳ ಸಂದಿಯಲ್ಲಿ ಸೂರ್ಯ ಮುಳುಗ್ತಾನೆಯೇ ಹೊರತು ಹುಟ್ಟೋದಿಲ್ಲ. ಅದನ್ನ ನೋಡೋಕೆ ಅಂತಲೇ ಅಲ್ವಾ ಜನ ಆಗುಂಬೆಗೆ ಹೋಗೋದು :-)

ಮಕ್ಕಳು ತಮ್ಮೂರನ್ನ ನೋಡದೇನೇ ಬಿಡಿಸೋ ಇನ್ನೊಂದು ಚಿತ್ರ ನಕಾಶೆ. ತಾಲ್ಲೂಕಿನ ಗಡಿ, ಜಿಲ್ಲೆಯ ಗಡಿ... ಗಡಿ ಅನ್ನೋದು ಭೂಮಿ ಹುಟ್ಟಿದಾಗಿಂದ ಅಲ್ಲೇ ಇತ್ತೇನೋ ಅನ್ನೋ ಹಾಗೆ. ಈ ಮೂರು ತಾಲ್ಲೂಕುಗಳ ಚರಿತ್ರೆ ನೋಡಿದ್ರೆ ವಿಷಯ ಬೇರೇನೇ ಇದೆ.

ಘಟ್ಟದ ಅಂಚನ್ನೇ ತಗೊಳ್ಳಿ. ಕೆಳದಿ ಅರಸರ ಕಾಲದಲ್ಲಿ ಅದು ಗಡಿಯೇ ಅಲ್ಲ. ಘಟ್ಟದ ಮೇಲಿನ ಅಡಿಕೆ, ಕಾಳುಮೆಣಸು, ಘಟ್ಟದ ಕೆಳಗಿನ ಬಂದರು ಎರಡೂ ಅವರದ್ದೇ. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಘಟ್ಟಕ್ಕೆ ಇನ್ನೂ ಹತ್ತಿರದ ಬಿದನೂರಿಗೆ ಬಂತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಮಾಡಿದ. ಅದೇ ಇವತ್ತಿನ ನಗರ. (ಹೊಸನಗರದ ಹೆಸರಿನಲ್ಲಿರೋದು ಈ ಊರೇ!) 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಕರಾವಳಿಯನ್ನ ತಾವಿಟ್ಟುಕೊಂಡು ಘಟ್ಟದ ಮೇಲಿನದನ್ನ ಮೈಸೂರಿನ ಒಡೆಯರಿಗೆ ಕೊಟ್ಟರು. ಗೆರೆ ಬಿದ್ದದ್ದು ಆವಾಗ. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಜೋಗದ ಹತ್ತಿರ ಶರಾವತಿಯ ಆಚೆ ದಡದಲ್ಲಿ ಬೊಂಬಾಯಿಯವರ ಬಂಗಲೆ, ಈಚೆ ದಡದಲ್ಲಿ ಮೈಸೂರಿನವರ ಬಂಗಲೆ. ಎರಡೂ ಕಡೆ ಕನ್ನಡದವರೇ. ಈ ಗೆರೆ 1956ರ ನವೆಂಬರ್ 1ರವರೆಗೆ, ಅಂದ್ರೆ 157 ವರ್ಷ ಬಾಳಿತು. ಆಮೇಲೆ ಜಿಲ್ಲಾ ಗಡಿ ಆಗಿ ಸಣ್ಣದಾಯ್ತು.

ಇದಕ್ಕಿಂತ ಚಿಕ್ಕ ಅಳತೆಯ ಗಡಿಯೂ ಇದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ನಡುಗಂಬಗಳ ಮಧ್ಯದ ಅಂತರವೇ ತೋಟದ ಜಮೀನು ಅಳೆಯೋಕೆ ಪ್ರಮಾಣ ಆಗಿತ್ತು ಅಂತ ಹಳೇ ಗೆಜೆಟಿಯರ್ ಹೇಳುತ್ತೆ: 18 ಅಡಿ 6 ಇಂಚು. ನನ್ನ ಪ್ರಕಾರ ಮಕ್ಕಳನ್ನ ಆ ದೇವಸ್ಥಾನಕ್ಕೆ ಕರ್ಕೊಂಡು ಹೋದಾಗ ಶಿಲ್ಪ ತೋರಿಸಿ ವಾಪಸ್ ಕರ್ಕೊಂಡು ಬರೋದಕ್ಕಿಂತ ಕೈಗೊಂದು ಹಗ್ಗ ಕೊಡಬೇಕು. ಕಂಬದಿಂದ ಕಂಬಕ್ಕೆ ಅಳೆದು, ಅದೇ ಹಗ್ಗ ತಂದು ಮನೆ ತೋಟದಲ್ಲಿ ಹಾಸಿ ನೋಡಲಿ. ಕಲೆ, ಗಣಿತ, ಚರಿತ್ರೆ ಒಂದೇ ಹಗ್ಗದಲ್ಲಿ.

ಆದರೆ ನಾನು ಮುಖ್ಯವಾಗಿ ಬರೀಬೇಕು ಅಂದುಕೊಂಡದ್ದು ನಕಾಶೆಯಲ್ಲಿ ಗಡಿ ಅಂತ ಯಾರೂ ಗುರುತಿಸದ ಒಂದು ಗೆರೆಯ ಬಗ್ಗೆ.

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರಕ್ಕೆ ಬರುತ್ತೆ. 1948ರಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಆಯ್ತು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ. ದೊಡ್ಡ ಅಣೆಕಟ್ಟಿನ ನೀರಿನಲ್ಲಿ ಚಿಕ್ಕ ಅಣೆಕಟ್ಟೇ ಮುಳುಗಿಹೋಯ್ತು. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮುಳುಗಿದ ನೆಲ ಸುಮಾರು 300 ಚದರ ಕಿಲೋಮೀಟರ್.

ಆ 1819ನ್ನ ಯಾವ ರಾಜನೂ ಸ್ಕೇಲ್ ಇಟ್ಟು ಎಳೆಯಲಿಲ್ಲ. ನೀರು ತಾನೇ ಎಳ್ಕೊಂಡ ಗೆರೆ ಅದು. ಪ್ರತಿ ಗುಡ್ಡದ ಮಡಿಕೆಯೊಳಗೂ ನುಗ್ಗಿ, ಸುತ್ತಿ, ಹೊರಗೆ ಬರುತ್ತೆ. ಕಣಿವೆಯಲ್ಲಿದ್ದ ಗದ್ದೆ ಗೆರೆಯ ಕೆಳಗೆ, ಇಳಿಜಾರಿನ ಮನೆ ಗೆರೆಯ ಮೇಲೆ. ಕೆಳಗಿದ್ದವರು ಗಂಟುಮೂಟೆ ಕಟ್ಟಿದರು. ಮೇಲಿದ್ದವರಿಗೆ ಮನೆ ಉಳೀತು, ಪೇಟೆಯ ದಾರಿ ಹೋಯ್ತು. ತುಮರಿ ಕಡೆಯವರು ತಮ್ಮ ಜಾಗವನ್ನ 'ದ್ವೀಪ' ಅಂತ ಕರೆಯೋದು ಸುಮ್ಮನೆ ಅಲ್ಲ. ಎದ್ದು ಹೋದವರ ಜಮೀನಿನ ಹಕ್ಕಿನ ತಕರಾರು ಅರವತ್ತು ವರ್ಷ ಕಳೆದರೂ ಮುಗಿದಿಲ್ಲ. ಹೊಸನಗರಕ್ಕಂತೂ ಇದರ ಮೇಲೆ ಮಾಣಿ, ಚಕ್ರಾ, ಸಾವೆಹಕ್ಲು ಬೇರೆ.

ಇದನ್ನ ಹತ್ತು ವರ್ಷದ ಮಗುವಿಗೆ ಹೇಗೆ ಹೇಳ್ತೀರಿ? 'ಕಂಟೂರ್ ರೇಖೆ ಎಂದರೆ ಸಮಾನ ಎತ್ತರದ ಬಿಂದುಗಳನ್ನು...' ಅಂತ ಶುರು ಮಾಡಿದ್ರೆ ಆಕಳಿಕೆ ಗ್ಯಾರಂಟಿ. ಒಂದು ಹಳೇ ಟಬ್ ತಗೊಳ್ಳಿ. ಗದ್ದೆ ಮಣ್ಣು ತಂದು ಮಕ್ಕಳ ಕೈಯಲ್ಲೇ ಗುಡ್ಡ, ಕಣಿವೆ ಮಾಡಿಸಿ. ಬೆಂಕಿಪೊಟ್ಟಣದ ಮನೆಗಳನ್ನ ಅವರಿಗೆ ಇಷ್ಟ ಬಂದಲ್ಲಿ ಇಡಲಿ. ಆಮೇಲೆ ಚೊಂಬಿನಿಂದ ನಿಧಾನವಾಗಿ ನೀರು ಹಾಕ್ತಾ ಹೋಗಿ. ಪ್ರತಿ ಚೊಂಬಿಗೂ ನೀರಿನ ಅಂಚಿನಗುಂಟ ಅಕ್ಕಿಹಿಟ್ಟಿನ ಗೆರೆ ಎಳೆಸಿ. ಯಾರ ಮನೆ ಮುಳುಗ್ತು, ಯಾರದ್ದು ದ್ವೀಪ ಆಯ್ತು, ಯಾರು ಯಾರ ಮನೆಗೆ ಇನ್ನು ನಡೆದು ಹೋಗೋಕೆ ಆಗಲ್ಲ ಅಂತ ಅವರೇ ಹೇಳ್ತಾರೆ. ಬೆಂಗಳೂರಿನ ಗ್ಯಾಲರಿಯಲ್ಲಿ ಇದನ್ನೇ ಇಟ್ಟರೆ 'ಇನ್‌ಸ್ಟಲೇಶನ್' ಅಂತಾರೆ. 1967ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಎನ್ನುವ ಕಲಾವಿದ ಹುಲ್ಲಿನ ಮೇಲೆ ಹಿಂದೆ ಮುಂದೆ ನಡೆದು ನಡೆದು ಒಂದು ಗೆರೆ ಮೂಡಿಸಿ ಫೋಟೋ ತೆಗೆದ. ಸಮಕಾಲೀನ ಕಲೆಯಲ್ಲಿ ಅದಕ್ಕೆ ದೊಡ್ಡ ಹೆಸರು. ನಮ್ಮೂರ ದನಗಳು ಬ್ಯಾಣದಲ್ಲಿ ದಿನಾ ಅದನ್ನೇ ಮಾಡ್ತವೆ, ಫೋಟೋ ತೆಗೆಯೋರಿಲ್ಲ ಅಷ್ಟೇ!

ತಮಾಷೆ ಪಕ್ಕಕ್ಕಿಡೋಣ. ಗೆರೆಯಲ್ಲಿ ನೆಲವನ್ನ ಹಿಡಿಯೋ ಕಲೆ ಇಲ್ಲಿಗೆ ಹೊರಗಿಂದ ಬರಬೇಕಾಗಿಲ್ಲ. ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಇದೆಯಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಇದೇ ಚಿತ್ತಾರವನ್ನ ಬುಟ್ಟಿಯ ಮೇಲೆ ಬರೆದು, ಅದರಲ್ಲಿ ಎಡೆ ತುಂಬಿಕೊಂಡು ಗದ್ದೆಗೆ ಹೋಗ್ತಾರೆ. ತಮ್ಮ ಗದ್ದೆ ಎಲ್ಲಿಂದ ಎಲ್ಲೀತನಕ ಅಂತ ವರ್ಷಕ್ಕೊಮ್ಮೆ ಕಾಲಲ್ಲಿ ನಡೆದು, ಅನ್ನ ಬೀರಿ, ಗುರುತು ಮಾಡ್ಕೊಳ್ಳೋ ಕ್ರಮ ಅಂತ ನನಗನ್ನಿಸುತ್ತೆ. ಮುಳುಗಡೆಯಲ್ಲಿ ಗೋಡೆಗಳು ಕರಗಿದವು, ಗದ್ದೆಗಳು ಹೋದವು. ಎದ್ದು ಹೋದವರ ಜೊತೆ ಉಳಿದದ್ದು ಕೈಯಲ್ಲಿದ್ದ ಗೆರೆ.

ತೀರ್ಥಹಳ್ಳಿಯ ಮಕ್ಕಳಿಗೆ ಇನ್ನೊಂದು ಅದೃಷ್ಟ. ಕುಪ್ಪಳಿಯ ಕವಿಶೈಲದಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಬೃಹತ್ ಕಲ್ಲುಗಳ ರಚನೆ ಇದೆ. ಅಲ್ಲಿ ಬಾಗಿಲಿದೆ, ಗೋಡೆ ಇಲ್ಲ. ಒಳಗೆ ಯಾವುದು ಹೊರಗೆ ಯಾವುದು ಅಂತ ಓಡಾಡಿಯೇ ಕಂಡುಕೊಳ್ಳಬೇಕು. ದೊಡ್ಡವರು ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ, ಮಕ್ಕಳು ನುಸುಳಿ ಓಡ್ತಾರೆ. ಮಕ್ಕಳೇ ಸರಿ.

ಸಾಗರದ ನಾ. ಡಿಸೋಜಾ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು. 2025ರ ಜನವರಿಯಲ್ಲಿ ತೀರಿಕೊಂಡರು. ಅವರ 'ದ್ವೀಪ' ಕಾದಂಬರಿಯನ್ನ ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಮಕ್ಕಳಿಗಾಗಿ ಅವರು 'ಮುಳುಗಡೆಯ ಊರಿಗೆ ಬಂದವರು' ಬರೆದಿದ್ದರು, ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಟಬ್ಬಿನ ಆಟ ಮುಗಿದ ಮೇಲೆ ಮಕ್ಕಳ ಕೈಗೆ ಕೊಡೋಕೆ ಇದಕ್ಕಿಂತ ಒಳ್ಳೇ ಪುಸ್ತಕ ನನಗೆ ಹೊಳೀತಿಲ್ಲ.

2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಸುಮಾರು ಎರಡೂವರೆ ಕಿಲೋಮೀಟರ್. ಲಾಂಚ್ ಕಾಯದೇ ದಾಟಬಹುದು. ಇನ್ನು ಕೆಲವೇ ವರ್ಷಕ್ಕೆ ಅಲ್ಲಿನ ಮಕ್ಕಳ ಡ್ರಾಯಿಂಗ್ ಪುಸ್ತಕದಲ್ಲಿ ಲಾಂಚ್ ಬದಲು ಸೇತುವೆ ಬಂದಿರುತ್ತೆ. ಅದಕ್ಕೆ ಮುಂಚೆ, ಲಾಂಚ್‌ನಲ್ಲಿ ಶಾಲೆಗೆ ಹೋಗಿಬಂದವರು ಆ ದಾರಿಯನ್ನ ಒಂದು ಸಲ ಬಿಡಿಸಿಡಬೇಕು.

ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತೆ, ಹಳೇ ರಸ್ತೆ, ಮರದ ಬೊಡ್ಡೆಗಳೂ. ಮಕ್ಕಳನ್ನ ಕರ್ಕೊಂಡು ಹೋಗೋದಾದ್ರೆ ಮೇ ತಿಂಗಳೇ ಸರಿ. ಕೆಸರಿರುತ್ತೆ, ಹುಷಾರು.